ಹ್ವಾಂಗ್‌ಶಾನ್ ಮಾವೊಫೆಂಗ್: ಕಷಾಯವಾಗದಂತೆ ಮಾಡಿಕೊಳ್ಳುವುದು ಹೇಗೆ?

"ಚೀನಾಕ್ಕೆ ಹೋಗಿ ಬಂದವರು ಹ್ವಾಂಗ್‌ಶಾನ್ ಮಾವೊಫೆಂಗ್ ಎಂಬ ಹಸಿರು ಚಹಾದ ಒಂದು ಚಂದದ ಡಬ್ಬಿ ಕೊಟ್ಟರು. ಮಾಡಿ ನೋಡಿದರೆ ಬೇವಿನ ಕಷಾಯ. ಇದನ್ನು ಅಷ್ಟು ದುಡ್ಡು ಕೊಟ್ಟು ಯಾರು ಕುಡೀತಾರೆ?"

ಹೀಗೆ ಕೇಳುವವರು ತಿಂಗಳಿಗೊಬ್ಬರಾದರೂ ಸಿಗುತ್ತಾರೆ. ಹೇಗೆ ಮಾಡಿದಿರಿ ಎಂದು ತಿರುಗಿ ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ. ನೀರನ್ನು ಅನ್ನದ ಎಸರಿನ ಹಾಗೆ ಮರಳಿಸಿ, ಎಲೆ ಹಾಕಿ, ಬಣ್ಣ ಬರಲಿಲ್ಲವೆಂದು ಇನ್ನೂ ಎರಡು ಕುದಿ ಕುದಿಸಿರುತ್ತಾರೆ. ನಮ್ಮ ಮನೆಯ ಟೀ ಮಾಡುವುದೇ ಹಾಗೆ, ಅದರಲ್ಲಿ ಅವರ ತಪ್ಪೇನಿಲ್ಲ. ನಾನೂ ಮೊದಲ ಸಲ ಶುಂಠಿ ಜಜ್ಜಿ ಹಾಕಿ ಕುದಿಸಿದವನೇ. ಆದರೆ ಈ ಎಲೆಗೆ ಕುದಿ ಆಗಿಬರುವುದಿಲ್ಲ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಕೆಳಗಿದೆ.

ಇದು ಎಂಥ ಚಹಾ?

ಹ್ವಾಂಗ್‌ಶಾನ್ ಎಂದರೆ ಚೀನಾದ ಪೂರ್ವಭಾಗದ ಆನ್‌ಹುಯ್ ಪ್ರಾಂತ್ಯದ ಬೆಟ್ಟಸಾಲು. ಅದರ ಅತಿ ಎತ್ತರದ ಶಿಖರ 1864 ಮೀಟರ್. ಅಕ್ಷರಶಃ ಅರ್ಥ 'ಹಳದಿ ಬೆಟ್ಟ' ಆದರೂ ಬೆಟ್ಟದ ಬಣ್ಣ ಹಳದಿಯಲ್ಲ. ಪುರಾಣದ 'ಹಳದಿ ಚಕ್ರವರ್ತಿ'ಯ ನೆನಪಿಗೆ ಕ್ರಿ.ಶ. 747ರಲ್ಲಿ ಇಟ್ಟ ಹೆಸರು ಅದು. ಹಾಗಾಗಿ ಡಬ್ಬಿಯ ಮೇಲೆ 'ಹಳದಿ ಬೆಟ್ಟದ ಚಹಾ' ಎಂದಿದ್ದರೆ ಅದು ಹಳದಿ ಚಹಾ ಎಂದುಕೊಳ್ಳಬೇಡಿ. ಹಳದಿ ಚಹಾ ಎಂಬ ಬೇರೆಯೇ ಬಗೆ ಇದೆ, ಅದೇ ಪ್ರಾಂತ್ಯದಲ್ಲೂ ಮಾಡುತ್ತಾರೆ. ಮಾವೊಫೆಂಗ್ ಮಾತ್ರ ಅಪ್ಪಟ ಹಸಿರು ಚಹಾ.

'ಮಾವೊ' ಎಂದರೆ ರೋಮ, 'ಫೆಂಗ್' ಎಂದರೆ ಶಿಖರ. ಎಳೆ ಕುಡಿಯ ಮೇಲೆ ಬಿಳಿ ನವಿರು ಇರುತ್ತದೆ, ತುದಿ ಚೂಪಾಗಿರುತ್ತದೆ, ಅದಕ್ಕೇ ಈ ಹೆಸರು. ಹಸಿರು ಚಹಾ ಅಂದರೆ ಕಿತ್ತ ಎಲೆ ಕಪ್ಪಾಗಲು ಬಿಡದೆ ಬಿಸಿ ಬಾಣಲೆಗೆ ಹಾಕಿದ್ದು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಚಹಾ ಎಲೆಯೂ ಹಾಗೆಯೇ. ಕಪ್ಪಾಗಿಸುವ ಕಿಣ್ವವನ್ನು ಶಾಖದಿಂದ ಕೊಲ್ಲುವ ಈ ಕೆಲಸಕ್ಕೆ ಚೀನೀಯರು 'ಶಾಚಿಂಗ್' ಎನ್ನುತ್ತಾರೆ, 'ಹಸಿರನ್ನು ಕೊಲ್ಲುವುದು' ಎಂದರ್ಥ. ಆಮೇಲೆ ಎಲೆಯನ್ನು ಹಗುರವಾಗಿ ಹೊಸೆದು, ಎರಡು ಹಂತದಲ್ಲಿ ಬಿಸಿಗಾಳಿಯಲ್ಲೋ ಇದ್ದಿಲ ಕಾವಿನಲ್ಲೋ ಒಣಗಿಸುತ್ತಾರೆ. ಇನ್ನೊಂದು ಹೆಸರಾಂತ ಚಹಾ ಲೊಂಗ್‌ಜಿಂಗ್‌ನ ಎಲೆಯನ್ನು ಬಾಣಲೆಗೆ ಒತ್ತಿ ಒತ್ತಿ ಚಪ್ಪಟೆ ಮಾಡಿರುತ್ತಾರೆ. ಮಾವೊಫೆಂಗ್‌ನದು ಒತ್ತದ ಎಲೆ, ಸಡಿಲವಾಗಿ ಉಬ್ಬಿಕೊಂಡಿರುತ್ತದೆ. ಅಳತೆಯ ವಿಷಯ ಬಂದಾಗ ಈ ಉಬ್ಬು ನೆನಪಿರಲಿ.

ಈಗಿನ ರೂಪದ ಮಾವೊಫೆಂಗ್ ಶುರುವಾದದ್ದು 1875ರ ಸುಮಾರಿಗೆ. ಫುಶಿ ಎಂಬ ಊರಿನ ಚಹಾ ವ್ಯಾಪಾರಿ ಶಿಯೆ ಝೆಂಗ್‌ಆನ್ ಅದನ್ನು ಶಾಂಘೈ ಮಾರುಕಟ್ಟೆಗೆ ಒಯ್ದವನು.

'ಎತ್ತರದ ಬೆಟ್ಟದ ಚಹಾ' ಎನ್ನುವ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದರ ಹೆಸರಾದ ತೋಟಗಳು ಶಿಖರದ ಮೇಲಿಲ್ಲ, ಕಣಿವೆಗಳಲ್ಲಿ 700 ಮೀಟರಿನ ಆಸುಪಾಸಿನಲ್ಲಿವೆ. ಬೆಂಗಳೂರೇ ಸುಮಾರು 920 ಮೀಟರ್ ಎತ್ತರದಲ್ಲಿದೆ! ಎತ್ತರದ ಅಂಕಿಗಿಂತ ಅಲ್ಲಿನ ಹವೆ ಮುಖ್ಯ. ಉತ್ತರ ಅಕ್ಷಾಂಶ 30 ಡಿಗ್ರಿ, ಹಿಮ ಬೀಳುವ ಚಳಿಗಾಲ, ವರ್ಷದ ಬಹುಪಾಲು ಮಂಜು. ಮಂಜಿನಲ್ಲಿ ಸೋಸಿ ಬರುವ ಬಿಸಿಲಿಗೆ ಚಿಗುರು ನಿಧಾನವಾಗಿ ಬೆಳೆಯುತ್ತದೆ. ಸಿಹಿ, ನಯ ಕೊಡುವ ಥಿಯಾನಿನ್ ಎಂಬ ಅಮೈನೋ ಆಮ್ಲ ಎಲೆಯಲ್ಲಿ ಉಳಿದುಕೊಳ್ಳುತ್ತದೆ. ಒಗರು ಕೊಡುವ ಕ್ಯಾಟಚಿನ್‌ಗಳು ಕಡಿಮೆ ಇರುತ್ತವೆ.

ಕೊಳ್ಳುವ ಮೊದಲು

ಡಬ್ಬಿಯ ಮೇಲೆ ಬರೀ 'ಮಾವೊಫೆಂಗ್' ಎಂದಿದ್ದರೆ ಅದು ಹ್ವಾಂಗ್‌ಶಾನ್‌ನದೇ ಆಗಬೇಕಿಲ್ಲ. ಈ ಮಾದರಿಯಲ್ಲಿ ಮಾಡಿದ ಚಹಾಕ್ಕೆ ಸಿಚುವಾನ್ ಕಡೆಯೂ ಅದೇ ಹೆಸರು. ಅವು ಕೆಟ್ಟವಲ್ಲ, ಆದರೆ ಆ ಬೆಲೆಗಲ್ಲ. ಊರಿನ ಹೆಸರು ಇದೆಯೇ ನೋಡಿ. ಭಾರತದಲ್ಲಿ ಮಾರುವ ಆಮದು ಡಬ್ಬಿಯಾದರೆ ಆಮದುದಾರರ ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಲೇಬೇಕು.

ತಾರೀಖನ್ನು ಚೀನಾದಲ್ಲಿ ವರ್ಷದಿಂದ ಶುರುಮಾಡುತ್ತಾರೆ. 20250412 ಎಂದಿದ್ದರೆ 2025ರ ಏಪ್ರಿಲ್ 12. ಅದು ಡಬ್ಬಿ ತುಂಬಿದ ದಿನವೂ ಇರಬಹುದು, ಎಲೆ ಕಿತ್ತ ದಿನವೇ ಎಂದು ನಂಬಬೇಡಿ. ಒಳ್ಳೆಯ ಎಲೆ ಕೀಳುವ ಕಾಲ ಏಪ್ರಿಲ್ ತಿಂಗಳು. ಏಪ್ರಿಲ್ 5ರ ಹೊತ್ತಿಗೆ ಬರುವ ಚಿಂಗ್‌ಮಿಂಗ್ ಹಬ್ಬದ ಮೊದಲು ಕಿತ್ತದ್ದು ಅತಿ ದುಬಾರಿ. ಏಪ್ರಿಲ್ 20ರ ಹೊತ್ತಿನ 'ಗುಯೂ', ಅಂದರೆ ಕಾಳಿನ ಮಳೆಗೆ ಮೊದಲು ಕಿತ್ತದ್ದು ಅದಕ್ಕಿಂತ ಅಗ್ಗ. ಹೊಸದಾಗಿ ಶುರು ಮಾಡುವವರು ಈ ಎರಡನೆಯದನ್ನೇ ಕೊಳ್ಳಿ ಅನ್ನುತ್ತೇನೆ. ರುಚಿಯೂ ಸ್ವಲ್ಪ ಗಟ್ಟಿ, ಕೈತಪ್ಪಾದರೂ ತಡೆದುಕೊಳ್ಳುತ್ತದೆ.

ಬಣ್ಣ ನೋಡಿ ಮೋಸಹೋಗುವವರೇ ಜಾಸ್ತಿ. ಒಳ್ಳೆಯ ಮಾವೊಫೆಂಗ್ ಗಿಳಿಹಸಿರಲ್ಲ. ಹಸಿರಿನ ಮೇಲೆ ದಂತದ ಹಳದಿ ಛಾಯೆ, ಬುಡದಲ್ಲಿ ಅಲ್ಲಲ್ಲಿ ಹೊಂಬಣ್ಣದ ಪುಟ್ಟ ಎಲೆ. ಆ ಪುಟ್ಟ ಎಲೆಗೆ 'ಮೀನೆಲೆ' ಎಂದು ಹೆಸರು. ಅದು ಹಾಳಾದ ಎಲೆಯಲ್ಲ, ಈ ಚಹಾದ ಗುರುತು. ಕಣ್ಣು ಕುಕ್ಕುವ ಹಸಿರಿದ್ದರೆ ಅನುಮಾನಿಸಿ. ಇದು ಹಳೆಯ ಕಥೆ: ಈಸ್ಟ್ ಇಂಡಿಯಾ ಕಂಪನಿ ಭಾರತದ ಹಿಮಾಲಯದ ತೋಟಗಳಿಗೆ ಗಿಡ, ಬೀಜ ತರಲು ಕಳಿಸಿದ್ದ ರಾಬರ್ಟ್ ಫಾರ್ಚೂನ್ 1848ರಲ್ಲಿ ಚೀನೀ ವೇಷ ಹಾಕಿಕೊಂಡು ಇದೇ ಸೀಮೆಗೆ ಹೋಗಿದ್ದ. ಅಲ್ಲಿ ಅವನು ಕಂಡದ್ದು, ರಫ್ತಿನ ಹಸಿರು ಚಹಾಕ್ಕೆ ಪ್ರಷ್ಯನ್ ನೀಲಿಯನ್ನೂ ಜಿಪ್ಸಮ್ಮನ್ನೂ ಬೆರೆಸುತ್ತಿದ್ದ ಕೆಲಸಗಾರರ ನೀಲಿ ಕೈಗಳನ್ನು. ಹೊರದೇಶದವರು ಚಂದದ ಹಸಿರು ಕೇಳುತ್ತಿದ್ದರು, ಅವರು ಕೊಡುತ್ತಿದ್ದರು.

ಏನೇನು ಬೇಕು

ನೇರ ನಿಲ್ಲುವ, ಬಣ್ಣವಿಲ್ಲದ, 200ರಿಂದ 250 ಮಿಲಿಲೀಟರ್ ಹಿಡಿಯುವ ಗಾಜಿನ ಲೋಟ. ಒಂದು ಸ್ಟೀಲ್ ಲೋಟ. ನೀರು ಕಾಯಿಸಲು ಕೆಟಲ್ ಅಥವಾ ಪಾತ್ರೆ. ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇದ್ದರೆ ಒಳ್ಳೆಯದು. ಜಾಲರಿ ಬೇಡ. ಚೀನೀ ಪಿಂಗಾಣಿ ಸೆಟ್ಟೂ ಬೇಡ, ಕನಿಷ್ಠ ಶುರುವಿಗೆ ಬೇಡ.

ಗಾಜೇ ಯಾಕೆ? ಪಿಂಗಾಣಿಯಷ್ಟು ಬಿಸಿ ಹಿಡಿದಿಡುವುದಿಲ್ಲ, ಎಲೆ ಬೇಯುವುದಿಲ್ಲ. ಜೊತೆಗೆ ಎಲೆ ಏನು ಮಾಡುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಬಿಸಿನೀರಿಗೆ ಬಿರುಕು ಬಿಡದ ಬೊರೊಸಿಲಿಕೇಟ್ ಲೋಟವೇ ಇರಲಿ.

ಮಾಡುವ ಕ್ರಮ

1. ನೀರನ್ನು ಆರಿಸಿಕೊಳ್ಳಿ. ಬೋರ್‌ವೆಲ್ ನೀರಿನಲ್ಲಿ ಎಂಥ ಎಲೆ ಹಾಕಿದರೂ ಸಪ್ಪೆ, ಮೇಲೊಂದು ತೆಳು ಪದರ ಬೇರೆ. ಗಡಸು ನೀರಿನ ಸುಣ್ಣದ ಅಂಶ ಮಾಡುವ ಕೆಲಸವಿದು. ಹಾಗೆಂದು ಎಲ್ಲವನ್ನೂ ತೆಗೆದುಹಾಕಿದ ಆರ್‌ಓ ನೀರೂ ಅಷ್ಟಕ್ಕಷ್ಟೆ, ಚಹಾ ಬರೀ ನೀರಿನಂತೆ ಅನ್ನಿಸುತ್ತದೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, 50ರಿಂದ 150ರ ನಡುವೆ ಇದ್ದರೆ ಸಾಕು. ಬೆಂಗಳೂರು, ಮೈಸೂರಿನ ಕಾವೇರಿ ನೀರು ಸೋಸಿದರೆ ಚೆನ್ನಾಗಿಯೇ ಒದಗುತ್ತದೆ. ಕ್ಲೋರಿನ್ ವಾಸನೆ ಇದ್ದರೆ ರಾತ್ರಿ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಡಿ. ಗೀಸರ್ ನೀರು ಮಾತ್ರ ಬೇಡವೇ ಬೇಡ.

2. ಎಲೆ ತೂಗಿ. 150 ಮಿಲಿ ನೀರಿಗೆ 3 ಗ್ರಾಂ. ಹೆಚ್ಚಿನವರು ಎಡವುವುದು ಇಲ್ಲಿ. ಟೀ ಪುಡಿ ಅಳೆದ ಕೈಗೆ ಒಂದು ಚಮಚ ಸಾಕು ಅನ್ನಿಸುತ್ತದೆ. ಆದರೆ ಈ ಎಲೆ ಉಬ್ಬಿಕೊಂಡಿದೆ, ಒಂದು ಟೀ ಚಮಚದಲ್ಲಿ ಒಂದು ಗ್ರಾಮೂ ಸರಿಯಾಗಿ ಕೂರುವುದಿಲ್ಲ. ತಕ್ಕಡಿ ಇಲ್ಲದಿದ್ದರೆ ಲೋಟದ ತಳ ಪೂರ್ತಿ ಮುಚ್ಚಿ ಸ್ವಲ್ಪ ಮೇಲೇಳುವಷ್ಟು ಹಾಕಿ. ಎಲೆ ಕಡಿಮೆಯಾಗಿ ಸಪ್ಪೆ ಅನ್ನಿಸಿದಾಗ ಹೊತ್ತು ಜಾಸ್ತಿ ಬಿಡುವುದು ತಪ್ಪು ಉಪಾಯ. ರುಚಿ ಬರುವುದಿಲ್ಲ, ಕಹಿ ಬರುತ್ತದೆ.

3. ನೀರು ಕಾಯಿಸಿ, ಆರಿಸಿ. ಬೇಕಾದದ್ದು 80ರಿಂದ 85 ಡಿಗ್ರಿ. ಕ್ಯಾಟಚಿನ್, ಕೆಫೀನ್‌ಗಳು ಕುದಿನೀರಿಗೆ ದಡಬಡ ಇಳಿಯುತ್ತವೆ. ಥಿಯಾನಿನ್ ಕಡಿಮೆ ಬಿಸಿಗೂ ಇಳಿಯುತ್ತದೆ. ಆದ್ದರಿಂದ ಬಿಸಿ ತಗ್ಗಿಸಿದರೆ ಸಿಹಿ ಉಳಿಯುತ್ತದೆ, ಒಗರು ಹಿಂದೆ ಸರಿಯುತ್ತದೆ.

ಥರ್ಮಾಮೀಟರ್ ಇಲ್ಲವೇ? ನಮ್ಮ ಮನೆಗಳಲ್ಲಿ ಅದಕ್ಕೊಂದು ಸಾಧನ ಮೊದಲಿನಿಂದ ಇದೆ: ಕಾಫಿ ಆರಿಸುವ ಲೋಟ. ನೀರು ಒಂದು ಕುದಿ ಬಂದ ಮೇಲೆ ತಣ್ಣಗಿರುವ ಸ್ಟೀಲ್ ಲೋಟಕ್ಕೆ ಸುರಿಯಿರಿ. ಅಲ್ಲಿಂದ ಗಾಜಿನ ಲೋಟಕ್ಕೆ, ಮುಂದೆ 5ನೇ ಹಂತದಲ್ಲಿ ಹೇಳುವ ಹಾಗೆ. ಒಂದೊಂದು ಪಾತ್ರೆ ಬದಲಾದಾಗಲೂ ನೀರು 7ರಿಂದ 10 ಡಿಗ್ರಿ ಇಳಿಯುತ್ತದೆ. ಎರಡು ಸಲ ಬದಲಾಯಿಸಿದರೆ ಜಾಗಕ್ಕೆ ಬಂತು. ಬೆಂಗಳೂರಿನ ಎತ್ತರಕ್ಕೆ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನಲ್ಲಿ 100ಕ್ಕೆ. ಹಾಗಾಗಿ ಕರಾವಳಿಯವರು ಸುರಿದ ಮೇಲೆ ಇನ್ನರ್ಧ ನಿಮಿಷ ಕಾಯಿರಿ. ಕಾಫಿಯ ಹಾಗೆ ಎತ್ತಿ ನೊರೆ ಬರಿಸಬೇಡಿ, ಬಿಸಿ ಪೂರಾ ಹೋಗುತ್ತದೆ.

ಪಾತ್ರೆಯಲ್ಲಿ ಕಾಯಿಸುವವರಿಗೆ ಇನ್ನೊಂದು ದಾರಿ. ತಳದಿಂದ ಏಳುವ ಗುಳ್ಳೆ ಸಾಸಿವೆ ಗಾತ್ರದಿಂದ ಕೊತ್ತಂಬರಿ ಬೀಜದ ಗಾತ್ರಕ್ಕೆ ಬಂದು, ಅಂಚಿನಲ್ಲಿ ಸಣ್ಣ ಸದ್ದು ಶುರುವಾದಾಗ ಒಲೆ ಆರಿಸಿ. ಚೀನೀಯರು ಇದಕ್ಕೆ 'ಏಡಿಕಣ್ಣು' ಅನ್ನುತ್ತಾರೆ. ಅದು ದೊಡ್ಡದಾಗಿ 'ಮೀನುಕಣ್ಣು' ಆದರೆ ನೀರು ಈ ಎಲೆಗೆ ಮೀರಿತು. ಈ ದಾರಿ ಹಿಡಿಯುವುದು ಮೊದಲೇ ಕುದಿಸಿ ಶುದ್ಧ ಮಾಡಿದ ಅಥವಾ ಸೋಸಿದ ನೀರಾದರೆ ಮಾತ್ರ.

4. ಲೋಟ ಬೆಚ್ಚಗೆ ಮಾಡಿ. ಸ್ವಲ್ಪ ಬಿಸಿನೀರು ಸುತ್ತಾಡಿಸಿ ಚೆಲ್ಲಿ. ಬಿಸಿ ಹಸಿಯಾದ ಖಾಲಿ ಲೋಟಕ್ಕೆ ಒಂದೆರಡು ಎಲೆ ಹಾಕಿ ಒಮ್ಮೆ ಮೂಸಿ ನೋಡುವ ಆಸೆಯಿದ್ದರೆ ನೋಡಿ, ಆ ಹೊತ್ತಿನ ಪರಿಮಳವೇ ಬೇರೆ.

5. ಎಲೆ, ನೀರು ಯಾವುದು ಮೊದಲು? ಇದಕ್ಕೆ ಚೀನಾದಲ್ಲಿ ಮೂರು ಪದ್ಧತಿ. ಎಲೆಯ ಮೇಲೆ ನೀರು, ನೀರಿನ ಮೇಲೆ ಎಲೆ, ಮತ್ತು 'ನಡುವೆ ಹಾಕುವುದು'. ಅತಿ ಎಳೆಯ, ಸುರುಳಿ ಸುತ್ತಿದ ಬಿಲುವೊಚುನ್‌ನಂಥ ಚಹಾ ತಾನಾಗಿ ಮುಳುಗುತ್ತದೆ, ಅದಕ್ಕೆ ನೀರು ಮೊದಲು. ಮಾವೊಫೆಂಗ್ ಹಗುರ, ತೇಲುತ್ತಲೇ ಇರುತ್ತದೆ. ಅದಕ್ಕೆ ನಡುವಿನ ಪದ್ಧತಿ ಸರಿ. ಲೋಟದ ಮೂರನೇ ಒಂದು ಭಾಗ ನೀರು ಹಾಕಿ, ಎಲೆ ಉದುರಿಸಿ, ಲೋಟವನ್ನು ಮೆಲ್ಲಗೆ ಎರಡು ಸುತ್ತು ತಿರುಗಿಸಿ. ಅರ್ಧ ನಿಮಿಷ ಎಲೆ ನೆನೆಯಲಿ. ಆಮೇಲೆ ಉಳಿದ ನೀರನ್ನು ಗೋಡೆಯ ಮೇಲಿಂದ ಇಳಿಯುವಂತೆ ಸುರಿಯಿರಿ, ನೇರ ಎಲೆಯ ನೆತ್ತಿಗೆ ಬೇಡ. ಲೋಟದ ಏಳು ಪಾಲು ಮಾತ್ರ ತುಂಬಿ. ಮಿಕ್ಕ ಮೂರು ಪಾಲು ಪ್ರೀತಿಗೆ ಎಂಬ ಮಾತಿದೆ ಅಲ್ಲಿ; ತುಟಿ ಸುಡದಿರಲಿ, ಹಿಡಿಯಲು ಅಂಚು ಸಿಗಲಿ ಎಂಬುದು ಅದರ ವ್ಯವಹಾರದ ಅರ್ಥ.

ಮುಚ್ಚಳ ಮುಚ್ಚಬೇಡಿ. ಮುಚ್ಚಿದರೆ ಎಲೆ ಬೆಂದು ಹಳದಿಯಾಗುತ್ತದೆ, ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ.

6. ಕಾಯಿರಿ. ಎರಡರಿಂದ ಎರಡೂವರೆ ನಿಮಿಷ. ಈ ಹೊತ್ತಿನಲ್ಲಿ ಫೋನ್ ನೋಡಬೇಡಿ, ಲೋಟ ನೋಡಿ. ಮೊದಲು ಎಲೆಗಳೆಲ್ಲ ಮೇಲೆ ಗುಂಪುಗೂಡಿ ಜೋತಾಡುತ್ತವೆ. ಒಂದು ಕುಡಿ ನೀರು ಹೀರಿ ಭಾರವಾಗಿ, ತುದಿ ಮೇಲೆ ಮಾಡಿಕೊಂಡು, ನೆಟ್ಟಗೆ ಇಳಿಯುತ್ತದೆ. ಅರ್ಧ ದಾರಿಯಲ್ಲಿ ನಿಂತು, ಒಂದು ಗಾಳಿಗುಳ್ಳೆ ಬಿಟ್ಟು, ಮತ್ತೆ ಸ್ವಲ್ಪ ಮೇಲೇರಿ, ಕೊನೆಗೆ ತಳದಲ್ಲಿ ನಿಲ್ಲುತ್ತದೆ. ಅದರ ಹಿಂದೆ ಇನ್ನೊಂದು. ಕುಡಿಯ ಪಕ್ಕದ ಎಲೆ ಬಿಚ್ಚಿಕೊಂಡಾಗ ಕೊಕ್ಕು ತೆರೆದ ಗುಬ್ಬಿಮರಿಯ ಹಾಗೆ ಕಾಣುತ್ತದೆ. ಚೀನೀಯರು ಈ ಆಕಾರಕ್ಕೆ 'ಗುಬ್ಬಿ ನಾಲಗೆ' ಎಂದೇ ಕರೆದಿದ್ದಾರೆ. ಅರ್ಧಕ್ಕಿಂತ ಹೆಚ್ಚು ಎಲೆ ಕೆಳಗಿಳಿದಿದ್ದರೆ ಚಹಾ ಆಯಿತು. ಗಡಿಯಾರಕ್ಕಿಂತ ಈ ಲೆಕ್ಕ ನನಗೆ ಹೆಚ್ಚು ನಂಬಿಕೆ.

ನೀರಿನ ಮೇಲೆ ಬಿಸಿಲಿಗೆ ಹಿಡಿದರೆ ಕಾಣುವ ಸಣ್ಣ ಧೂಳಿನಂಥದ್ದು ಬೂಷ್ಟಲ್ಲ, ಕೊಳೆಯಲ್ಲ. ಎಲೆಯ ನವಿರು ಅದು. ಕೆಲವರು ಅದಕ್ಕೆ ಹೆದರಿ ಮೊದಲ ನೀರು ಚೆಲ್ಲುತ್ತಾರೆ. ಪುಅರ್ ಎಂಬ ಹುದುಗಿಸಿದ ಚೀನೀ ಚಹಾದಂಥವಕ್ಕೆ ಆ ಕ್ರಮ ಇದೆ. ಇಲ್ಲಿ ಚೆಲ್ಲಿದರೆ ದುಡ್ಡನ್ನೇ ಸಿಂಕಿಗೆ ಸುರಿದಂತೆ.

7. ಕುಡಿಯಿರಿ, ಆದರೆ ಪೂರ್ತಿ ಬೇಡ. ಬಣ್ಣ ತೀರಾ ತಿಳಿ, ಎಳೆ ಹಳದಿ ಹಸಿರು. "ಇನ್ನೂ ಇಳಿದಿಲ್ಲ" ಅನ್ನಿಸುವುದು ಇದನ್ನು ನೋಡಿಯೇ. ಇದಕ್ಕಿಂತ ಗಾಢ ಬಣ್ಣ ಬರಬಾರದು. ಬೆಂದ ಎಳೆ ಹುರುಳಿಕಾಯಿಯ, ಹಸಿ ಜೋಳದ ತೆನೆಯ ಪರಿಮಳ. ಹಿಂದೆ ಸಣ್ಣಗೆ ಹೂವಿನದು. ಗುಟುಕು ಇಳಿದ ಮೇಲೆ ನಾಲಗೆಯ ಹಿಂಬದಿಗೆ ಸಿಹಿ ಮರಳಬೇಕು. ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಲೋಟದಲ್ಲಿ ಮೂರನೇ ಒಂದು ಭಾಗ ಉಳಿದಾಗ ನಿಲ್ಲಿಸಿ ಮತ್ತೆ ಬಿಸಿನೀರು ಹಾಕಿ. ಉಳಿಸುವ ಈ ಪಾಲಿಗೆ ಚೀನೀಯರು 'ಬೇರು' ಎನ್ನುತ್ತಾರೆ. ಪೂರ್ತಿ ಬರಿದು ಮಾಡಿದರೆ ಎರಡನೇ ಸಲ ನೀರಾಗುತ್ತದೆ. ಎರಡನೆಯದಕ್ಕೆ 85 ಡಿಗ್ರಿ, ಮೂರನೆಯದಕ್ಕೆ 90ರವರೆಗೂ ನಡೆಯುತ್ತದೆ. ಮೂರಕ್ಕೆ ಮುಗಿಯಿತು. ಎರಡನೆಯದೇ ರುಚಿ ಎನ್ನುವವರು ಬಹಳ ಜನ, ನಾನೂ ಅದೇ ಪಕ್ಷ.

ಹಾಳಾಗುವುದು ಎಲ್ಲಿ

ಕಹಿ ಬಂತೇ? ಮುಂದಿನ ಸಲ ನೀರಿನ ಬಿಸಿ ತಗ್ಗಿಸಿ, ಎಲೆ ಹಾಗೆಯೇ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿದರೆ ಮಾತ್ರ ಏನು ತಪ್ಪಿತ್ತು ಎಂದು ತಿಳಿಯುತ್ತದೆ. ಕಹಿ ಇಲ್ಲ, ಆದರೆ ನಾಲಗೆ ಜಡ್ಡುಗಟ್ಟಿದ ಹಾಗೆ ಒಗರು ಎಂದರೆ ಹೊತ್ತು ಹೆಚ್ಚಾಗಿದೆ. ಒಣಹುಲ್ಲಿನ ರುಚಿ ಬಂದರೆ ನಿಮ್ಮ ಕೈತಪ್ಪಲ್ಲ, ಎಲೆ ಹಳತಾಗಿದೆ.

ಆಫೀಸಿಗೆ ಒಯ್ಯುವವರು ಎಲೆ ಸಮೇತ ಬಿಸಿನೀರನ್ನು ಫ್ಲಾಸ್ಕಿಗೆ ತುಂಬುತ್ತಾರೆ. ಮಧ್ಯಾಹ್ನಕ್ಕೆ ತೆರೆದರೆ ಅದೇ ಬೇವಿನ ಕಷಾಯ. ಫ್ಲಾಸ್ಕಿನಲ್ಲಿ ಬಿಸಿನೀರು ಬೇರೆ, ಎಲೆ ಬೇರೆ ಒಯ್ಯಿರಿ.

ಹಾಲು? ಬೇಡ. ನಿಂಬೆ, ಜೇನು, ಪುದೀನ ಹಾಕುವ ಮನಸ್ಸಿದ್ದರೆ ಅದಕ್ಕೆ ಅಗ್ಗದ ಹಸಿರು ಚಹಾವೇ ಆಗುತ್ತದೆ, ಈ ಡಬ್ಬಿಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ.

ಗಾಯ್‌ವಾನ್ ಇದ್ದರೆ

ಗಾಯ್‌ವಾನ್ ಎಂದರೆ ತಟ್ಟೆ, ಬಟ್ಟಲು, ಮುಚ್ಚಳ ಮೂರೂ ಇರುವ ಪಿಂಗಾಣಿ ಪಾತ್ರೆ. 100 ಮಿಲಿಯದಕ್ಕೆ 3 ಗ್ರಾಂ, 80 ಡಿಗ್ರಿ ನೀರು, ಮೊದಲ ಸಲ 30 ಸೆಕೆಂಡ್. ಮುಚ್ಚಳ ಓರೆಯಾಗಿಟ್ಟು ಪೂರ್ತಿ ಬಸಿದುಬಿಡಿ, ಇಲ್ಲಿ 'ಬೇರು' ಉಳಿಸಬಾರದು. ಮುಂದಿನ ಸಲಗಳಿಗೆ ಹತ್ತು ಹದಿನೈದು ಸೆಕೆಂಡ್ ಏರಿಸುತ್ತ ಹೋಗಿ.

ಬೇಸಿಗೆಗೆ ತಣ್ಣನೆಯದು

ಕಲಬುರಗಿ, ಬಳ್ಳಾರಿಯ ಮೇ ತಿಂಗಳಲ್ಲಿ ಬಿಸಿ ಲೋಟ ಹಿಡಿಯಿರಿ ಎಂದರೆ ನನ್ನನ್ನೇ ಬೈಯುತ್ತೀರಿ. 500 ಮಿಲಿ ತಣ್ಣೀರಿಗೆ 5 ಗ್ರಾಂ ಎಲೆ ಹಾಕಿ, ಫ್ರಿಜ್ಜಿನಲ್ಲಿ ನಾಲ್ಕೈದು ಗಂಟೆ ಇಟ್ಟು ಸೋಸಿ. ತಪ್ಪಾಗುವ ಸಂಭವ ಅತ್ಯಂತ ಕಡಿಮೆ ಇರುವ ವಿಧಾನ ಇದೇ. ತಣ್ಣೀರಿಗೆ ಒಗರು ಇಳಿಯುವುದೇ ಅಪರೂಪ. ಅಂದೇ ಕುಡಿದು ಮುಗಿಸಿ.

ಇಡುವುದು

ಈ ಎಲೆ ವಾಸನೆಯನ್ನು ಹತ್ತಿಯಂತೆ ಹೀರುತ್ತದೆ. ಇಂಗು, ಸಾರಿನ ಪುಡಿ, ಕಾಫಿ ಪುಡಿ ಇರುವ ಕಪಾಟಿನಲ್ಲಿಟ್ಟರೆ ವಾರದಲ್ಲಿ ರಸಂ ಚಹಾ ಸಿದ್ಧ. ಬೆಳಕು ತಾಗದ, ಗಾಳಿಯಾಡದ ಡಬ್ಬಿಯಲ್ಲಿಡಿ. ತೆರೆಯದ ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಬಹುದು. ಆದರೆ ಹೊರಗೆ ತೆಗೆದ ಕೂಡಲೇ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರಲು ಅರ್ಧ ದಿನ ಬಿಡಿ, ಇಲ್ಲದಿದ್ದರೆ ತಣ್ಣನೆಯ ಎಲೆಯ ಮೇಲೆ ಗಾಳಿಯ ತೇವ ಕೂರುತ್ತದೆ. ಬಿಚ್ಚಿದ ಮೇಲೆ ಒಂದೆರಡು ತಿಂಗಳಲ್ಲಿ ಮುಗಿಸಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಇನ್ನೂ ಬೇಗ. ದೊಡ್ಡ ಡಬ್ಬಿ ಅಗ್ಗವೆಂದು ಕೊಳ್ಳುವುದಕ್ಕಿಂತ 50 ಗ್ರಾಂನ ಪೊಟ್ಟಣವೇ ಲಾಭ.

ಯಾರು ಜೋಪಾನ

ಖಾಲಿ ಹೊಟ್ಟೆಗೆ ಕುಡಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇಡಿ, ಆಹಾರದ ಕಬ್ಬಿಣಾಂಶ ಮೈಗೆ ಹತ್ತಲು ಇದು ಅಡ್ಡಿ. ಕೆಫೀನ್ ಇದ್ದೇ ಇದೆ, ಸಂಜೆ ಐದರ ಮೇಲೆ ಕುಡಿದು ನಿದ್ದೆ ಬರಲಿಲ್ಲ ಎಂದರೆ ಆಶ್ಚರ್ಯವಿಲ್ಲ. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ. ತೂಕ ಇಳಿಸುತ್ತದೆಯೇ ಎಂದು ಕೇಳುವವರಿಗೆ: ಆ ಆಸೆಯಿಂದ ಈ ಬೆಲೆಯ ಎಲೆ ಕೊಳ್ಳಬೇಡಿ.

ಮೂರನೇ ನೀರೂ ಮುಗಿದ ಮೇಲೆ ಎಲೆಯನ್ನು ಗಿಡದ ಕುಂಡಕ್ಕೆ ಹಾಕುವ ಮೊದಲು ಒಂದು ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಹರಡಿ. ಒಂದು ಕುಡಿ ಒಂದು ಎಲೆ, ಅಥವಾ ಒಂದು ಕುಡಿ ಎರಡು ಎಲೆ, ಒಂದೇ ತೊಟ್ಟಿನಲ್ಲಿ, ಹೆಚ್ಚುಕಡಿಮೆ ಒಂದೇ ಅಳತೆಯವು ಇದ್ದರೆ ಕೊಟ್ಟ ಬೆಲೆ ದಂಡವಾಗಿಲ್ಲ. ಹರಿದ ಚೂರು, ಬಲಿತ ದೊಡ್ಡ ಎಲೆ, ಬರೀ ತೊಟ್ಟುಗಳೇ ಕಂಡರೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಅಂಗಡಿಯವರು 'ಮೊದಲ ದರ್ಜೆ' ಅಂದಾಗ ತೋರಿಸಲು ಬೇಕಾಗುತ್ತದೆ.